ಭಾವನವರು ಮುಟ್ಟಿದ ಲ್ಯಾಪ್‌ಟಾಪ್

ಗಂಡನನ್ನು ಹೊಗಳುವ ಹೆಂಡತಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಾರೆ. ಹಾಗೆನ್ನುವವರಿಗೆ ಅಂಥವಳು ಸಿಕ್ಕಿರುವುದಿಲ್ಲ. ನನಗೆ ಸಿಕ್ಕಿದ್ದಾಳೆ. ಮನೆಯೊಳಗೆ ನಾನು ಮಾಡುವ ಒಂದು ಕೆಲಸವೂ ಅವಳ ಕಣ್ಣಿಗೆ ನೆಟ್ಟಗೆ ಕಾಣುವುದಿಲ್ಲ. ಬಟ್ಟೆ ಒಣಹಾಕಿದರೆ ಸೊಟ್ಟ, ಮೊಳೆ ಹೊಡೆದರೆ ಗೋಡೆ ಹಾಳು. ಆದರೆ ತವರಿನವರ ಮುಂದೆ ನಿಂತಳೆಂದರೆ ನಾನು ಸಕಲವಿದ್ಯಾಪಾರಂಗತ. ಇದಕ್ಕೆಲ್ಲ ಕಾರಣ ಅತ್ತೆಯವರ ಮೊಬೈಲು. ಒಮ್ಮೆ ಅದು ಮೂಕವಾಗಿತ್ತು. ನಾನು ಪಕ್ಕದ ಗುಂಡಿ ಒತ್ತಿ ಸದ್ದು ಹೆಚ್ಚಿಸಿಕೊಟ್ಟೆ. ಅಷ್ಟೇ. ಅಂದಿನಿಂದ ಹೆಂಡತಿಯ ಬಳಗದಲ್ಲಿ ಬ್ಯಾಟರಿ ಹಾಕುವ ವಸ್ತು ಯಾವುದು ಕೆಟ್ಟರೂ "ಅಳಿಯಂದಿರಿಗೆ ತೋರಿಸಿ" ಎಂಬ ಮಾತು ಹುಟ್ಟಿಕೊಂಡಿತು. ನಾನೂ ಬೇಡವೆನ್ನಲಿಲ್ಲ. ಮರ್ಯಾದೆ ತಾನಾಗಿ ಮನೆ ಬಾಗಿಲಿಗೆ ಬಂದಾಗ ಯಾರು ತಾನೇ ಬಾಗಿಲು ಹಾಕುತ್ತಾರೆ?

ಆ ದಿನ ನಾನು ಕೆಲಸ ಮಾಡುವ ಅಚ್ಚುಕೂಟಕ್ಕೆ ರಜೆ. ಪೇಪರು ಹಿಡಿದು ಕೂತಿದ್ದೆ. ಜ್ವರ ಬಂದ ಮಗುವನ್ನು ಎದೆಗವಚಿಕೊಂಡವನಂತೆ ಭಾವಮೈದುನ ಆಫೀಸಿನ ಲ್ಯಾಪ್‌ಟಾಪನ್ನು ಅವಚಿಕೊಂಡು ಒಳಗೆ ಬಂದ. ಹಿಂದೆಯೇ ಅತ್ತೆ. ಅವರ ಮುಖ ನೋಡಿದರೆ ಆಸ್ಪತ್ರೆಗೆ ಬಂದವರ ಹಾಗಿತ್ತು.

"ಭಾವ, ಇದು ಕೊನೇ ಉಸಿರು ಎಳೀತಾ ಇದೆ. ಏನಾದ್ರೂ ಮಾಡಿ" ಎಂದ.

ಅವನು ಆಸ್ಪತ್ರೆಯ ಮಂಚ ತಯಾರಿಸುವ ಕಂಪನಿಯೊಂದಕ್ಕೆ ಸೇರಿದ್ದ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಂದು ಮಧ್ಯಾಹ್ನ ದೊಡ್ಡ ಆಸ್ಪತ್ರೆಯೊಂದರ ವೈದ್ಯರೆಲ್ಲ ವಿಡಿಯೊದಲ್ಲಿ ಕೂರುವವರಿದ್ದರು. ಗುಂಡಿ ಒತ್ತಿದರೆ ಏಳುವ, ಗುಂಡಿ ಒತ್ತಿದರೆ ಮಲಗುವ ಮಂಚವನ್ನು ಇವನು ಅವರಿಗೆ ತೋರಿಸಬೇಕು. ಅವರು ಒಪ್ಪಿದರೆ ಕೆಲಸ ಖಾಯಂ. ಇಲ್ಲವಾದರೆ ಇವನೇ ಮನೆಯಲ್ಲಿ ಮಲಗಬೇಕು. ಲ್ಯಾಪ್‌ಟಾಪೋ, ಒಂದು ಚಿತ್ರ ತೆರೆಯೆಂದರೆ ಯೋಚನೆಗೆ ಬೀಳುತ್ತಿತ್ತು. ಒಳಗಿನ ಫ್ಯಾನು ರುಬ್ಬುವ ಯಂತ್ರದಂತೆ ಕೂಗುತ್ತಿತ್ತು.

"ನಿಮ್ಮ ಆಫೀಸಲ್ಲೇ ರಿಪೇರಿಯವರು ಇರ್ತಾರಲ್ಲ. ಅವರಿಗೆ ಫೋನ್ ಮಾಡಬಹುದಿತ್ತು" ಎಂದೆ. ಆ ದಿನ ನನ್ನ ಬಾಯಿಂದ ಬಂದ ಬುದ್ಧಿವಂತಿಕೆಯ ಮಾತು ಅದೊಂದೇ.

"ಹಾಗೆ ಮಾಡಿದ್ರೆ ವರದಿ ನೇರ ನಮ್ಮ ಸಾಹೇಬ್ರಿಗೆ ಹೋಗುತ್ತೆ ಭಾವ. ಹೋದ ಸಲ, ಸ್ಲೋ ಆಗಿರೋದು ಲ್ಯಾಪ್‌ಟಾಪಾ ನೀನಾ ಅಂತ ಕೇಳಿದ್ರು."

"ಅವರನ್ನೆಲ್ಲ ಯಾಕೆ ಕೇಳ್ಬೇಕು? ನಮ್ಮನೆಯವರಿಲ್ವಾ" ಎಂದಳು ನನ್ನವಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

ಮೂರು ಜೊತೆ ಕಣ್ಣುಗಳು ನನ್ನ ಮೇಲೆ ನೆಟ್ಟವು. ನನಗೆ ಗೊತ್ತಿದ್ದ ವಿದ್ಯೆ ಒಂದೇ: ಆಫ್ ಮಾಡಿ ಆನ್ ಮಾಡುವುದು. ಅದನ್ನು ಮಾಡಿದೆ. ಆಫ್ ಆಗಲು ಅದು ತೆಗೆದುಕೊಂಡ ಹೊತ್ತಿನಲ್ಲಿ ಅತ್ತೆಯವರು ಒಂದು ಕಪ್ ಚಹಾ ಕುಡಿದು ಮುಗಿಸಿದರು. ಆನ್ ಆಗುವಷ್ಟರಲ್ಲಿ ಇನ್ನೊಂದು. ಎದ್ದ ಮೇಲೂ ಅದೇ ನರಳಾಟ.

"ಮೈ ಮುಟ್ಟಿ ನೋಡಿ, ಸುಡ್ತಾ ಇದೆ. ಒದ್ದೆ ಬಟ್ಟೆ ಹಾಕೋಣ್ವೇ?" ಎಂದರು ಅತ್ತೆ.

"ಬೇಡ ಅತ್ತೆ. ಮೊದಲು ವಿಶ್ರಾಂತಿ ಬೇಕು" ಎಂದು ಗಂಭೀರವಾಗಿ ಹೇಳಿ, ಒಳಗಿನಿಂದ ಮೆತ್ತನೆಯ ದಿಂಬೊಂದನ್ನು ತಂದು ಅದರ ಮೇಲೆ ಲ್ಯಾಪ್‌ಟಾಪನ್ನು ಮಲಗಿಸಿದೆ. ಆಮೇಲೆ ಪರದೆಯ ಮೂಲೆಯಲ್ಲಿ ಹುಡುಕಾಡಿದಾಗ ವಿದ್ಯುತ್ ಉಳಿತಾಯ ಎಂಬ ವ್ಯವಸ್ಥೆ ಕಣ್ಣಿಗೆ ಬಿತ್ತು. ಉಳಿತಾಯ ಯಾವತ್ತೂ ಒಳ್ಳೆಯದೇ ಅಲ್ಲವೇ? ಅದನ್ನು ಕೊನೆಯ ಮಟ್ಟದವರೆಗೆ ಎಳೆದೆ. ಪರದೆ ಮಂಕಾಯಿತು. ಮೊದಲು ತೆವಳುತ್ತಿದ್ದ ಯಂತ್ರ ಈಗ ಕೂತೇಬಿಟ್ಟಿತು. ಮಂಚದ ಚಿತ್ರಗಳ ಕಡತವನ್ನು ಒತ್ತಿದೆ, ತೆರೆಯಲಿಲ್ಲ. ಮತ್ತೆ ಒತ್ತಿದೆ. ಸಿಟ್ಟು ಬಂದು ಒತ್ತುತ್ತಲೇ ಹೋದೆ. ಒತ್ತಿದ್ದಕ್ಕೆಲ್ಲ ಲೆಕ್ಕ ಇಟ್ಟುಕೊಂಡಿದ್ದ ಆ ಯಂತ್ರ ಒಮ್ಮೆಗೇ ಎಚ್ಚೆತ್ತು ಒಂದರ ಮೇಲೊಂದು ಮಂಚ ತೆರೆಯತೊಡಗಿತು. ಪರದೆಯ ತುಂಬ ಮಂಚಗಳು. ಒಂದು ಸಾಂಕ್ರಾಮಿಕ ರೋಗಕ್ಕೆ ಸಾಕಾಗುವಷ್ಟು.

"ಇದು ಸರಿ ಹೋಗ್ತಾ ಇರೋದಾ, ಭಾವ?" ಎಂದ ಭಾವಮೈದುನ.

"ವೈದ್ಯರ ಹತ್ರ ಮಧ್ಯದಲ್ಲಿ ಪ್ರಶ್ನೆ ಕೇಳಬಾರದು" ಎಂದಳು ನನ್ನವಳು. ಆದರೆ ಅವಳ ಕಣ್ಣು ಗಡಿಯಾರದ ಕಡೆ ಹೋಗಿ ಬಂದಿತು.

ಆಗ ಹೊಳೆಯಿತು: ಧೂಳು. ಲ್ಯಾಪ್‌ಟಾಪಿನ ಪಕ್ಕದ ಕಿಂಡಿಗಳಲ್ಲಿ ಬೂದು ಬಣ್ಣದ ಧೂಳು ಇಣುಕುತ್ತಿತ್ತು. ಊದಿದೆ, ಹೋಗಲಿಲ್ಲ. ಹೆಂಡತಿಯ ಹೇರ್ ಡ್ರೈಯರ್ ತಂದೆ. ಗೋಡೆಯ ಪ್ಲಗ್ ಒಂದೇ ಇದ್ದುದರಿಂದ ಚಾರ್ಜರ್ ಕಿತ್ತು ಇದನ್ನು ಚುಚ್ಚಿ, ಕಿಂಡಿಯೊಳಕ್ಕೆ ಗಾಳಿ ಬಿಟ್ಟೆ. (ಆ ಡ್ರೈಯರಿಗೆ ಗೊತ್ತಿರುವುದು ಬಿಸಿಗಾಳಿ ಮಾತ್ರ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ತಲೆಗೆ ಅದರ ಉಪಯೋಗ ತಪ್ಪಿ ಬಹಳ ಕಾಲವಾಯಿತು.) ಧೂಳು ಹೊರಗೆ ಬರುವ ಬದಲು ಒಳಗೆ ಹೋಯಿತು. ಫ್ಯಾನು ಒಮ್ಮೆ ಕಿರುಚಿ ನಿಂತಿತು. ಪರದೆ ಆರಿಹೋಯಿತು.

ಅತ್ತೆಯವರು ಪೇಪರು ಮಡಚಿ ಲ್ಯಾಪ್‌ಟಾಪಿಗೆ ಗಾಳಿ ಹಾಕತೊಡಗಿದರು. ಭಾವಮೈದುನ ನೆಲದ ಮೇಲೆ ಕುಸಿದು, "ಅಕ್ಕ, ನನ್ನ ಕೆಲಸ ಹೋಯ್ತು" ಎಂದ. ಮೆಲ್ಲಗೆ ಹೇಳಿದ. ಜೋರಾಗಿ ಹೇಳಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

"ಸ್ವಲ್ಪ ತಣ್ಣಗಾಗಲಿ. ಮುಖ ತೊಳ್ಕೊಂಡು ಬರ್ತೀನಿ" ಎಂದು ಎದ್ದೆ. ಏಳುವಾಗ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ್ದ ಆಫೀಸಿನ ಸಹಾಯವಾಣಿಯ ನಂಬರನ್ನು ಕಣ್ಣಲ್ಲೇ ಕದ್ದೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಸದ್ದು ಹೊರಗೆ ಹೋಗದಿರಲೆಂದು ನಲ್ಲಿ ತಿರುಗಿಸಿ ಫೋನ್ ಮಾಡಿದೆ.

ಒಬ್ಬ ಹೆಣ್ಣುಮಗಳು ಎತ್ತಿದಳು. ನಾನು ಭಾವಮೈದುನನ ಹೆಸರು ಹೇಳಿ, ನಾನೇ ಅವನು ಎಂದೆ.

"ಸರಿ ಸರ್. ಖಾತ್ರಿ ಮಾಡ್ಕೊಳ್ಳೋಕೆ ನಿಮ್ಮ ತಾಯಿಯ ಹೆಸರು ಹೇಳಿ."

ಮದುವೆಯಾದಾಗಿನಿಂದ ನಾನು ಅವರನ್ನು ಅತ್ತೆ ಎಂದಲ್ಲದೆ ಬೇರೆ ಏನೂ ಕರೆದಿರಲಿಲ್ಲ. "ಒಂದು ನಿಮಿಷ" ಎಂದು ಬಾಗಿಲು ಸಂದು ಮಾಡಿ ತಲೆ ಹೊರಗೆ ಹಾಕಿದೆ.

"ಅತ್ತೆ, ನಿಮ್ಮ ಹೆಸರೇನು?"

ಗಾಳಿ ಹಾಕುತ್ತಿದ್ದ ಕೈ ನಿಂತಿತು. "ಈಗ ಯಾಕೆ ಬೇಕು ನನ್ನ ಹೆಸರು?"

"ಸುಮ್ನೆ. ನೆನಪಾಯ್ತು."

"ನೆನಪಾಗಿದ್ರೆ ಕೇಳ್ತಿರ್ಲಿಲ್ಲ" ಎಂದು ಅವರು ಮಗಳ ಮುಖ ನೋಡಿ ಹೆಸರು ಹೇಳಿದರು. ನಾನು ತಲೆ ಒಳಗೆಳೆದುಕೊಂಡು ಅದನ್ನು ಫೋನಿಗೆ ದಾಟಿಸಿದೆ.

"ಇಷ್ಟು ಹೊತ್ತು ಬೇಕಾಯ್ತಾ ಸರ್? ಅಂದ ಹಾಗೆ, ನೀವು ಬಾವಿಯೊಳಗಿಂದ ಮಾತಾಡ್ತಿದ್ದೀರಾ?"

"ಬಚ್ಚಲಿನಿಂದ."

"ಲ್ಯಾಪ್‌ಟಾಪೂ ಅಲ್ಲೇ ಇದೆಯಾ?" ಅವಳ ಧ್ವನಿಯಲ್ಲಿ ಗಾಬರಿ.

"ಇಲ್ಲ, ಇಲ್ಲ. ಅದು ಹೊರಗೆ ದಿಂಬಿನ ಮೇಲಿದೆ."

"ದಿಂಬಿನ ಮೇಲೆ ಇಟ್ರೆ ಗಾಳಿಯ ಕಿಂಡಿ ಮುಚ್ಚಿ ಬಿಸಿ ಏರುತ್ತೆ ಸರ್. ಯಾರು ಇಟ್ಟಿದ್ದು?"

ಇಲ್ಲಿ ಒಂದು ಕ್ಷಣ ನನ್ನ ಮುಂದೆ ಎರಡು ದಾರಿಗಳಿದ್ದವು. ದೂರಿನ ವರದಿ ಸಾಹೇಬರಿಗೆ ಹೋಗುತ್ತದೆ. ತಪ್ಪು ಹುಡುಗನ ತಲೆಗೆ ಬಂದರೆ ಅವನ ಕೆಲಸಕ್ಕೆ ಸಂಚಕಾರ. ಗಟ್ಟಿ ಮನಸ್ಸು ಮಾಡಿ ಹೇಳಿದೆ.

"ನಮ್ಮ ಭಾವ."

ಮಿಕ್ಕಿದ್ದನ್ನೂ ಒಂದೊಂದಾಗಿ ಹೇಳಿಕೊಂಡೆ. ವಿದ್ಯುತ್ ಉಳಿತಾಯಕ್ಕೆ ಹಾಕಿದ್ದು ಯಾರು ಎಂದಳು. ಭಾವ ಎಂದೆ. ಚಾರ್ಜರ್ ಕಿತ್ತವರು? ಭಾವ. ಬಿಸಿಗಾಳಿ ಬಿಟ್ಟವರು? ಅವಳೇ ಹೇಳಿದಳು, "ಭಾವನವರು."

"ಅವರಿಗೆ ಕಂಪ್ಯೂಟರ್ ಕೆಲಸ ಗೊತ್ತಾ ಸರ್?"

"ಏನೇನೂ ಗೊತ್ತಿಲ್ಲ ಮೇಡಂ" ಎಂದೆ. ನಲ್ಲಿಯ ನೀರಿನಂತೆ ನನ್ನ ಬಾಯಿಯೂ ಹರಿಯಿತು. "ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ಧೈರ್ಯ ಇಲ್ಲ. ಎಲ್ಲ ಬಲ್ಲವರ ಹಾಗೆ ಆಡ್ತಾರೆ. ನಮ್ಮ ಅಕ್ಕ ಹೊಗಳಿ ಹೊಗಳಿ ಮರ ಹತ್ತಿಸಿದಾಳೆ, ಇಳಿಯೋಕೆ ಬರ್ತಾ ಇಲ್ಲ. ಅವರಿಗೆ ಗೊತ್ತಾಗಬಾರದು ಅಂತಾನೇ ಬಚ್ಚಲಲ್ಲಿ ಕೂತು ಮಾತಾಡ್ತಿದ್ದೀನಿ."

ಟೈಪ್ ಮಾಡುವ ಸದ್ದು ಕೇಳಿತು. "ಅರ್ಥವಾಯ್ತು ಸರ್. ಗಟ್ಟಿ ಮೇಜಿನ ಮೇಲಿಡಿ. ಚಾರ್ಜರ್ ಹಾಕಿ. ತಣ್ಣಗಾದ ಮೇಲೆ ಆನ್ ಮಾಡಿ, ಪರದೆ ಮೇಲೆ ಒಪ್ಪಿಗೆ ಕೇಳುತ್ತೆ, ಒತ್ತಿ. ಮಿಕ್ಕಿದ್ದನ್ನ ನಾನೇ ಇಲ್ಲಿಂದ ನಡೆಸ್ತೀನಿ. ನೀವು ಏನೂ ಮುಟ್ಟಬೇಡಿ. ಭಾವನವರೂ ಅಷ್ಟೇ."

ಹೊರಗೆ ಬಂದು ಅವಳು ಹೇಳಿದಂತೆಯೇ ಮಾಡಿದೆ. ಪರದೆ ಬೆಳಗಿತು. ಒಪ್ಪಿಗೆ ಕೊಟ್ಟೆ. ಬಾಣದ ಗುರುತು ತಾನಾಗಿ ಓಡಾಡತೊಡಗಿತು. ನಾನು ಕೀಲಿಗಳಿಗೆ ತಾಗದಂತೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದೆ, ಹಾರ್ಮೋನಿಯಂ ನುಡಿಸುವವನ ಹಾಗೆ. ಮಂಚಗಳು ಒಂದೊಂದಾಗಿ ಮುಚ್ಚಿಕೊಂಡವು. ಬೇಡದ ಕಾರ್ಯಕ್ರಮಗಳು ನಿಂತವು. ಉಳಿತಾಯ ಹೋಗಿ ಪರದೆ ಬೆಳ್ಳಗಾಯಿತು. ಫ್ಯಾನಿನ ಕೂಗು ಇಳಿಯಿತು.

"ಏನು ವೇಗ ನೋಡಮ್ಮ ಇವರ ಕೈ" ಎಂದಳು ನನ್ನವಳು. ಖುಷಿಯಲ್ಲಿ ಚಹಾದ ಲೋಟ ತಂದು ನನ್ನ ಮುಂದೆ ಹಿಡಿದಳು. ನಾನೂ ಖುಷಿಯಲ್ಲಿ ಎರಡೂ ಕೈಯಿಂದ ತೆಗೆದುಕೊಂಡೆ.

ಬಾಣ ಓಡುತ್ತಲೇ ಇತ್ತು.

ಭಾವಮೈದುನ ಪರದೆ ನೋಡಿದ. ಲೋಟ ಹಿಡಿದ ನನ್ನ ಕೈ ನೋಡಿದ. ಮತ್ತೆ ಪರದೆ ನೋಡಿದ.

"ಅದಕ್ಕೆ ಮೊದಲೇ ಹೇಳಿಟ್ಟಿದ್ದೀನಿ. ಈಗ ತಾನೇ ಮಾಡ್ಕೊಳ್ಳುತ್ತೆ" ಎಂದೆ. ಅತ್ತೆ ತಲೆದೂಗಿದರು. ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಪರದೆಯ ನಡುವೆ ಬಿಳಿ ಚೌಕವೊಂದು ತೆರೆದು ಅಕ್ಷರಗಳು ಮೂಡತೊಡಗಿದವು. ಮುಚ್ಚೋಣವೆಂದರೆ ಕೈಯಲ್ಲಿ ಲೋಟ. ಭಾವಮೈದುನ ಗಟ್ಟಿಯಾಗಿ ಓದಿದ.

"‘ಸರ್, ಎಲ್ಲ ಸರಿಯಾಗಿದೆ. ನೀವು ಬಚ್ಚಲಿನಿಂದ ಹೊರಗೆ ಬರಬಹುದು. ನಿಮ್ಮ ತಪ್ಪೇನೂ ಇಲ್ಲವೆಂದು ಸಾಹೇಬರಿಗೆ ಹೋಗುವ ವರದಿಯಲ್ಲಿ ಬರೆದಿದ್ದೇನೆ. ಕಾರಣ ಎಂಬಲ್ಲಿ ನೀವು ಹೇಳಿದ ಮಾತನ್ನೇ ಹಾಕಿದ್ದೇನೆ: ಭಾವನವರಿಗೆ ಏನೇನೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವಿಲ್ಲ, ಅಕ್ಕ ಹೊಗಳಿ ಮರ ಹತ್ತಿಸಿದ್ದಾಳೆ. ಸರಿ ಇದೆಯೇ, ಒಮ್ಮೆ ನೋಡಿ.’"

ಅಚ್ಚುಕೂಟದಲ್ಲಿ ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು. ನೋಡಿದೆ. ತಿದ್ದುವಂಥದ್ದು ಒಂದಕ್ಷರವೂ ಇರಲಿಲ್ಲ.

ಜಗಳ ಅಲ್ಲೇ ಶುರುವಾಗಬೇಕಿತ್ತು. ಆದರೆ ಅಷ್ಟರಲ್ಲಿ ಡಾಕ್ಟರುಗಳ ಮುಖ ಪರದೆಯಲ್ಲಿ ಮೂಡಿಬಿಟ್ಟಿತು. ಭಾವಮೈದುನ ಅಂಗಿ ಸರಿಮಾಡಿಕೊಂಡು ಕೂತ. ನಾವು ಮೂವರು ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದು ನಿಂತೆವು. ನನ್ನವಳು ನನ್ನ ಮುಖ ನೋಡಲಿಲ್ಲ. ಅವಳ ತಮ್ಮ ಮಂಚವನ್ನು ಏರಿಸಿ ತೋರಿಸಿದ, ಇಳಿಸಿ ತೋರಿಸಿದ. ಒಂದು ಸಲವೂ ನಿಲ್ಲಲಿಲ್ಲ, ಲ್ಯಾಪ್‌ಟಾಪೂ ಸರಿ, ಅವನೂ ಸರಿ. ಕೊನೆಗೆ ಹಿರಿಯ ಡಾಕ್ಟರೊಬ್ಬರು, "ಚೆನ್ನಾಗಿದೆ, ಮಂಚಗಳನ್ನ ಕಳಿಸಿಕೊಡಿ" ಎಂದಾಗ ಅವನು ಲ್ಯಾಪ್‌ಟಾಪ್ ಮುಚ್ಚಿ ಮುಖ ಮುಚ್ಚಿಕೊಂಡ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಗಂಟಲು ಸರಿಮಾಡಿಕೊಂಡೆ. ಹೇಗೂ ಶುಭ ಸಮಾಚಾರ, ಇದರಲ್ಲಿ ನನ್ನದು ಮುಚ್ಚಿಹೋಗಬಹುದು ಎಂಬ ಆಸೆ.

"ನಾನು ನಿಮ್ಮನ್ನ ಮರ ಹತ್ತಿಸಿದ್ನಾ?" ಎಂದಳು ನನ್ನವಳು. ತಣ್ಣಗೆ ಕೇಳಿದಳು.

"ಅದು ನಾನು ಹೇಳಿದ್ದಲ್ಲ. ನಿನ್ನ ತಮ್ಮನಾಗಿ ಹೇಳಿದ್ದು."

"ಬಿಡಕ್ಕ, ನನ್ನ ಕೆಲಸ ಉಳಿಸೋಕೆ ಅವರು ತಮ್ಮ ಮರ್ಯಾದೆ ಕಳ್ಕೊಂಡ್ರು" ಎಂದ ಭಾವಮೈದುನ. ಒಳ್ಳೆಯ ಹುಡುಗ. ನಾನು ಕೃತಜ್ಞತೆಯಿಂದ ಅವನ ಕಡೆ ತಿರುಗುವಷ್ಟರಲ್ಲಿ ಅತ್ತೆ ಲೋಟಗಳನ್ನೆಲ್ಲ ಎತ್ತಿಕೊಂಡು ನನ್ನ ಮುಂದೆ ಬಂದು ನಿಂತರು.

"ಇಷ್ಟೊಂದು ನಿಜ ಹೇಳೋಕೆ ಬಚ್ಚಲಿಗೆ ಹೋಗೋದು ಯಾಕೆ ಅಳಿಯಂದಿರೇ?" ಎಂದರು. "ಇಲ್ಲೇ ಕೂತು ಹೇಳಿದ್ರೆ ನಾವೇನು ಬೇಡ ಅಂತಿದ್ವಾ? ನಮಗೂ ಗೊತ್ತಿತ್ತಲ್ಲ."