ಇಂಗ್ಲೆಂಡಿನ ಮಿಷನ್ನಿಗೆ ಚನ್ನಪಟ್ಟಣದ ಉರುಳೆ

ಮನೆಗೆ ಹೊಸ ವಸ್ತು ತಂದವನಿಗೆ ಆರತಿ, ಹಳೆಯದನ್ನು ತಂದವನಿಗೆ ಮಂಗಳಾರತಿ. ಇದು ನಮ್ಮ ರಾಮನಗರದ ನ್ಯಾಯ. ಪಕ್ಕದ ಮನೆಯವರು ದೊಡ್ಡ ಟಿ.ವಿ. ತಂದಾಗ ಅದರ ಖಾಲಿ ಡಬ್ಬ ನೋಡುವುದಕ್ಕೂ ಬೀದಿಯ ಜನ ಸೇರಿದ್ದರು. ನನಗಿಂತ ವಯಸ್ಸಾದ ಒಂದು ಬಟ್ಟೆ ಒಗೆಯುವ ಮಿಷನ್ನನ್ನು ನಾನು ಗೂಡ್ಸ್ ಆಟೋದಲ್ಲಿ ತಂದು ಇಳಿಸಿದಾಗಲೂ ಜನ ಸೇರಿದರು. ಆದರೆ ಅವರು ನೋಡಿದ್ದು ಮಿಷನ್ನನ್ನಲ್ಲ, ನನ್ನನ್ನು. ನೋಡಲಿ! ಹಳೆಯ ಇಂಗ್ಲಿಷ್ ವಾಷಿಂಗ್ ಮಿಷನ್ನುಗಳನ್ನು ಹುಡುಕಿ ತಂದು, ಬಿಚ್ಚಿ, ತಿಕ್ಕಿ, ಮತ್ತೆ ಓಡುವಂತೆ ಮಾಡುವುದು ನನ್ನ ಹುಚ್ಚು. ಹೌದು, ಹುಚ್ಚೇ. ನಾನು ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ. ಈ ಒಂದು ಹುಚ್ಚೂ ಇಲ್ಲದಿದ್ದರೆ ಮನುಷ್ಯ ಅಂತ ಯಾಕೆ ಅನ್ನಿಸಿಕೊಳ್ಳಬೇಕು?

ಆಗ ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ತಗಡಿನ ಶೆಡ್ಡುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನಮ್ಮ ಕಾರ್ಖಾನೆಗೂ ಹೊಸ ಯಂತ್ರಗಳು ಬಂದವು. ಅವು ಕೆಟ್ಟರೆ ನಾವು ಮುಟ್ಟುವ ಹಾಗಿಲ್ಲ. ಕಂಪನಿಯ ಹುಡುಗನೊಬ್ಬ ಬಂದು ಒಳಗಿನ ಬೋರ್ಡು ಕಿತ್ತು ಬಿಸಾಕಿ ಇನ್ನೊಂದು ಸಿಕ್ಕಿಸಿ ಹೋಗುತ್ತಿದ್ದ. ನಾನು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದುಕೊಂಡು ನಿಂತಿರುತ್ತಿದ್ದೆ. ಎಷ್ಟು ಅವಮಾನ ಅನ್ನಿಸುತ್ತಿತ್ತೋ ನಿಮಗೆ ಹೇಳಲಾರೆ. ಆ ದಿನಗಳಲ್ಲೇ ಗುಜರಿ ಅಂಗಡಿಯಲ್ಲಿ ಬೆಂಗಳೂರಿನ ಯಾವುದೋ ಕೆಡವಿದ ಬಂಗಲೆಯಿಂದ ಬಂದ ಆ ಮಿಷನ್ನು ಕಂಡಿತು. ಮೈಮೇಲೆ ಹಿತ್ತಾಳೆ ತಗಡು, ಅದರ ಮೇಲೆ ಇಂಗ್ಲೆಂಡಿನ ಹೆಸರು, ಕೆಳಗೆ ನೀರು ಕಾಯಿಸುವ ಕಾಯಿಲ್ಲು, ಮೇಲೆ ಬಟ್ಟೆ ಹಿಂಡಲು ಕಬ್ಬಿನ ಹಾಲಿನ ಗಾಣದ ಹಾಗೆ ಎರಡು ಉರುಳೆ, ತಿರುಗಿಸಲು ಒಂದು ಹಿಡಿ. ಎಲ್ಲವನ್ನೂ ಸ್ಕ್ರೂ ಹಾಕಿ ಕೂರಿಸಿದ್ದರು. ಬಿಚ್ಚಬಹುದು, ಹಾಕಬಹುದು. ನನಗೆ ಕಣ್ಣು ತುಂಬಿಬಂತು. ಅಂಗಡಿಯವನು ಕಬ್ಬಿಣದ ಧೂಳು ಅಂದುಕೊಂಡು ಕರ್ಚೀಫು ಕೊಟ್ಟ.

ಒಂದು ಸಿಕ್ಕಮೇಲೆ ಕಣ್ಣು ಪಳಗಿಬಿಡುತ್ತದೆ. ಎರಡನೆಯದು ರಾಮನಗರದಲ್ಲೇ ರೇಷ್ಮೆ ನೂಲು ತೆಗೆಯುವ ಒಬ್ಬ ರೀಲರ್ ಮನೆಯಲ್ಲಿ ಸಿಕ್ಕಿತು. ಅವರು ಅದರಲ್ಲಿ ರೇಷ್ಮೆ ಗೂಡು ಬೇಯಿಸುತ್ತಿದ್ದರು. ಎಷ್ಟು ತೊಳೆದರೂ ಹುಳದ ವಾಸನೆ ಹೋಗಲಿಲ್ಲ. ನಮ್ಮೂರಿನವರ ಮೂಗಿಗೆ ಅದು ವಾಸನೆಯೇ ಅಲ್ಲ, ಆದರೆ ನನ್ನ ಹೆಂಡತಿ ಸಾವಿತ್ರಿ ಮರಳವಾಡಿಯವಳು, ಅವಳಿಗೆ ತಡೆಯಲಾಗಲಿಲ್ಲ. ಮೂರನೆಯದು ಕೂಟಗಲ್‌ನ ಗೌಡರೊಬ್ಬರ ಕೊಟ್ಟಿಗೆಯಲ್ಲಿ ಹಸುವಿಗೆ ಕಲಗಚ್ಚು ಇಡುವ ಬಾನಿಯಾಗಿತ್ತು. "ತಗೊಂಡೋಗಿ ಸಾಮಿ, ನಮ್ದೇನಿಲ್ಲ. ಹಸೂನ ಒಂದ್ಮಾತ್ ಕೇಳ್ಬುಡಿ," ಅಂದರು ಗೌಡರು. ನಾನು ಬೇರೆ ಬಾನಿ ತಂದುಕೊಟ್ಟು ಹಸುವಿನ ಒಪ್ಪಿಗೆ ಪಡೆದೆ.

ಮೂರೂ ಬಚ್ಚಲುಮನೆಯ ಮುಂದೆ ಸಾಲಾಗಿ ನಿಂತವು. ಒಂದೂ ಬಟ್ಟೆ ಒಗೆಯುತ್ತಿರಲಿಲ್ಲ. ಅವುಗಳನ್ನು ಸುತ್ತಿ ದಾಟಿ ಹಿತ್ತಲಿಗೆ ಹೋಗಿ ಸಾವಿತ್ರಿ ಕಲ್ಲಿನ ಮೇಲೆ ಕುಕ್ಕಿ ಒಗೆಯುತ್ತಿದ್ದಳು. ಬೆಡ್‌ಶೀಟು ಹಿಂಡಿ ಹಿಂಡಿ ಅವಳ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಇನ್ನು ಬಟ್ಟೆ ಹಿಂಡಕೂಡದು ಅಂದರು. ಈ ಸುದ್ದಿ ತಿಳಿದು ಅವಳ ತಮ್ಮ ನಂಜುಂಡ ಬಂದ. ಹಾರೋಹಳ್ಳಿ ಸುತ್ತ ಸೈಟು ಮಾರುವವನು. ಬಿಳಿ ಅಂಗಿ, ಬಿಳಿ ಪಂಚೆ ಬಿಟ್ಟು ಬೇರೆ ಉಡುವುದಿಲ್ಲ. "ಬಾವ, ಕನಕಪುರದಲ್ಲಿ ಎಕ್ಸ್‌ಚೇಂಜ್ ಆಫರ್ ಐತೆ. ಈ ಮೂರು ಹೆಣಾನೂ ಕೊಟ್ಬುಟ್ರೆ ಹೊಸಾದು ಮನೇಗೇ ಬತ್ತದೆ," ಅಂದ. ಹೆಣ! ನನಗೆ ಮೈಯೆಲ್ಲ ಉರಿದುಹೋಯಿತು. "ಬರೋ ಭಾನುವಾರ ಬಾರೋ. ಇದರಲ್ಲೇ ಒಗೆದು ತೋರಿಸ್ತೀನಿ. ಆಗಲಿಲ್ಲ ಅಂದ್ರೆ ಮೂರನ್ನೂ ನಾನೇ ಗುಜರಿಗೆ ಹಾಕ್ತೀನಿ," ಅಂದುಬಿಟ್ಟೆ. ಸಾವಿತ್ರಿ, "ಮಾತು ಮಾತೇ ತಾನೆ?" ಎಂದು ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಗುರುತು ಹಾಕಿದಳು.

ಮೊದಲನೇ ಮಿಷನ್ನನ್ನೇ ರಿಪೇರಿಗೆ ಹಿಡಿದೆ. ಮೋಟಾರು ಓಡಿತು, ನೀರು ಕಾಯಿತು. ಕೈಕೊಟ್ಟದ್ದು ಉರುಳೆಗಳು. ರಬ್ಬರು ಒಣಗಿ ಹಪ್ಪಳವಾಗಿತ್ತು. ಅದಕ್ಕಾಗಿ ಇಂಗ್ಲೆಂಡಿಗೆ ಹೋಗಲಾಗುತ್ತದೆಯೇ? ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಬೊಂಬೆ ಮಾಡುವ ಅನ್ವರ್ ಸಾಹೇಬರು ನನಗೆ ಹಳೆಯ ಪರಿಚಯ. ಬೊಂಬೆಗೆ ಬಳಸುವ ಆಲೆ ಮರದ ತುಂಡು ಲೇತಿಗೆ ಕೊಟ್ಟು ಅರ್ಧ ಗಂಟೆಯಲ್ಲಿ ಎರಡು ಉರುಳೆ ಇಳಿಸಿದರು. ನಾನು ಕೈಚಾಚಿದರೆ ಕೊಡಲೊಲ್ಲರು. "ಅರೆ ಸಾರ್, ಬೋಳಾಗಿ ಕಳಿಸ್ಲಾ? ನಮ್ಮಪ್ಪ ಗೋರಿಯಿಂದ ಎದ್ದು ಬತ್ತಾರೆ!" ಎಂದು ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಅದರ ಮೇಲೆ ಹಳದಿ ಪಟ್ಟೆ. ಆಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು. ಹಬ್ಬದ ತೊಟ್ಟಿಲಿಗೆ ಕಟ್ಟಬಹುದು, ಅಷ್ಟು ಚೆಂದ! ಗಮನಿಸಿ: ಅರಗು ಬಿಸಿಗೆ ಕರಗುವುದನ್ನು ನಾನು ಕಣ್ಣಾರೆ ಕಂಡೆ. ಇಪ್ಪತ್ತು ವರ್ಷದ ಫಿಟ್ಟರು ನಾನು. ಬಟ್ಟೆ ಹಿಂಡುವುದಕ್ಕೆ ಅಂತ ಹೇಳಿದ್ದೆ. ಬಿಸಿನೀರೋ ತಣ್ಣೀರೋ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಭಾನುವಾರ ನಂಜುಂಡ ತನ್ನದೇ ಪಂಚೆ, ಅಂಗಿ ಗಂಟು ಕಟ್ಟಿ ತಂದ. "ಬಿಳೀದ್ರಲ್ಲೇ ಆಗ್ಲಿ ಬಾವ, ಕೊಳೆ ಹೋಗಿದ್ದು ಕಾಣ್ಬೇಕಲ್ಲ!" ಮಿಷನ್ನು ಗುಡುಗಿತು, ಹೊಗೆಯಾಡಿತು, ನೀರು ಕುದಿಯಿತು. ಕೋಲಿನಿಂದ ಪಂಚೆ ಎತ್ತಿ ಹಬೆಯಾಡುತ್ತಿರುವಾಗಲೇ ಉರುಳೆಗೆ ಕೊಟ್ಟು, ಎದೆಯುಬ್ಬಿಸಿ ಹಿಡಿ ತಿರುಗಿಸಿದೆ. ಮೊದಲ ಮೊಳ ಆಚೆ ಬಂತು, ಕೆಂಪು ಹಳದಿ ಪಟ್ಟೆಗಳೊಂದಿಗೆ. "ಬಾವಾ!" ಅಂದ ನಂಜುಂಡ. ಗಾಬರಿಯಲ್ಲಿ ಇನ್ನೂ ಜೋರಾಗಿ ತಿರುಗಿಸಿದೆ. ಅಂಟಾದ ಅರಗಿಗೆ ಪಂಚೆ ಕಚ್ಚಿಕೊಂಡು ಉರುಳೆಗೇ ಸುತ್ತಿಕೊಳ್ಳತೊಡಗಿತು. ನಂಜುಂಡ ಆ ಕಡೆಯಿಂದ ಎಳೆದ, ನಾನು ಈ ಕಡೆಯಿಂದ. ಅಷ್ಟರಲ್ಲಿ ಅರಗು ಆರಿತು. ಆರಿದ ಅರಗು ಬಿಡುತ್ತದೆಯೇ? ಕೊನೆಗೆ ಪಂಚೆಯನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಸಾವಿತ್ರಿ ಬಾಗಿಲಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಮುಗಿಸಿ, "ಗುಜರಿಯವನಿಗೆ ನಾಳೆನೇ ಬರೋಕೆ ಹೇಳ್ಬುಡೋ ನಂಜುಂಡ," ಅಂದಳು.

ಸೋಮವಾರ ತಳ್ಳುಗಾಡಿ ಬಂತು. ಆಡಿದ ಮಾತು ಉಳಿಸಿಕೊಳ್ಳಬೇಕು ಅನ್ನುವುದು ನನಗೂ ಗೊತ್ತು. ಆದರೂ ಹೋಗಿ ಮೊದಲನೇ ಮಿಷನ್ನಿನ ಮೇಲೆ ಕೂತುಬಿಟ್ಟೆ. "ಇದನ್ನ ತೂಗೋದಾದ್ರೆ ನನ್ನೂ ಸೇರಿಸಿ ತೂಗು!" ಅಂದೆ. ಗುಜರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಬ್ಣ ಮಾತ್ರ ತಗೊಳ್ಳೋದು ಸಾರ್," ಅಂದ. ಸಾವಿತ್ರಿಗೆ ಮತ್ತೆ ನಗು ಬಂತು. ಆ ನಗುವಿನ ಪುಣ್ಯದಿಂದ ಎರಡು ಹೋಗಿ ಒಂದು ಉಳಿಯಿತು, ಒಂದು ವಾರದೊಳಗೆ ಒಗೆದು ತೋರಿಸಬೇಕೆಂಬ ಗಡುವಿನ ಮೇಲೆ. ಮತ್ತೆ ಚನ್ನಪಟ್ಟಣಕ್ಕೆ ಹೋದೆ. ಅನ್ವರ್ ಸಾಹೇಬರು ತಲೆ ಚಚ್ಚಿಕೊಂಡರು. "ಅರಗಿಗೆ ಕುದಿಯೋ ನೀರಾ ಸಾರ್? ಒಂದ್ಮಾತು ಹೇಳ್ಬಾರ್ದಾ?" ಬೇರೆ ಜೋಡಿ ಮಾಡಿಕೊಟ್ಟರು, ಬೋಳಾಗಿಯೇ. "ಇದು ನನ್ನ ಕೈಕೆಲಸ ಅಂತ ಮಾತ್ರ ಯಾರ ಹತ್ರಾನೂ ಅನ್ಬೇಡಿ," ಎಂದು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಈ ಸಲ ಬೆಡ್‌ಶೀಟು ಮಲ್ಲಿಗೆ ಹೂವಿನ ಹಾಗೆ ಆಚೆ ಬಂತು. ಸಾವಿತ್ರಿ ಮುಟ್ಟಿ ನೋಡಿದಳು, ಹಿಂಡಿ ನೋಡಿದಳು, ಒಂದು ಹನಿ ಬೀಳಲಿಲ್ಲ. "ಚೆನ್ನಾಗೇ ಒಗೀತದೆ. ಆದ್ರೆ ಈ ರಾಕ್ಷಸನ್ನ ಓಡ್ಸೋಕೆ ನಂಗೆ ಬರಲ್ಲಪ್ಪ. ಇರ್ಲಿ, ಇಟ್ಕೊಳ್ಳಿ. ಒಗೆಯೋದು ನೀವು. ನಿಮ್ಮ ಕೈಲಿ ಆಗಲ್ಲ ಅಂದ ದಿನ ಇದು ಹೋಗ್ತದೆ, ಹೊಸಾದು ಬತ್ತದೆ." ಒಪ್ಪಿದೆ. ಅಂದಿನಿಂದ ಮನೆ ಮಂದಿಯ ಬಟ್ಟೆಯೆಲ್ಲ ನನ್ನ ಪಾಲಿಗೇ. ನಂಜುಂಡನೂ ತನ್ನ ಬಿಳಿ ಗಂಟನ್ನು ಹಕ್ಕಿನಿಂದ ತಂದಿಟ್ಟು ಹೋಗುತ್ತಾನೆ. ಬೀದಿಯವರು ಕಿಸಕ್ಕೆನ್ನುತ್ತಾರೆ. ನಗಲಿ! ಅವರ ಮನೆಯ ಹೊಸ ಮಿಷನ್ನುಗಳು ಎಷ್ಟೋ ಸತ್ತುಹೋದವು, ನನ್ನದು ಗುಡುಗುತ್ತಲೇ ಇದೆ.

ಒಂದು ದಿನ ಕಾರ್ಖಾನೆಯಲ್ಲಿ ಕರೆಂಟಿನ ತೊಂದರೆಯಾಗಿ ಬೆಳಗ್ಗೆಯೇ ನಮ್ಮನ್ನು ಕಳಿಸಿಬಿಟ್ಟರು. ಮನೆ ಹತ್ತಿರ ಬರುತ್ತಿದ್ದಂತೆ ಮಿಷನ್ನಿನ ಸದ್ದು ಕೇಳಿತು. ಹಿತ್ತಲಿನಿಂದ ಇಣುಕಿದೆ. ಸಾವಿತ್ರಿ ಸೆರಗು ಸಿಕ್ಕಿಸಿಕೊಂಡು ತನ್ನ ಹೊಸ ಸೀರೆಯನ್ನು ಉರುಳೆಗೆ ಕೊಡುತ್ತಿದ್ದಳು; ಹಿಡಿ ಎಡಗೈಯಲ್ಲಿ ಹಗುರವಾಗಿ ತಿರುಗುತ್ತಿತ್ತು. ಆಮೇಲೆ ರವಿಕೆ. ಅದರ ಹುಕ್ಕುಗಳು ಬರುವ ಹೊತ್ತಿಗೆ ಉರುಳೆ ಬಿಗಿಸುವ ಮೇಲಿನ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ದಾಟಿದ ಕೂಡಲೇ ಬಿಗಿ ಮಾಡಿದಳು. ಆ ಹದ ಕಲಿಯಲು ನನಗೆ ಎರಡು ತಿಂಗಳು ಹಿಡಿದಿತ್ತು. ನಾನು ಸದ್ದಿಲ್ಲದೆ ಹಿಂದಕ್ಕೆ ಸರಿದು, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಟೀ ಕುಡಿದು, ಮಾಮೂಲಿ ಹೊತ್ತಿಗೆ ಮನೆಗೆ ಹೋದೆ. ಮಿಷನ್ನನ್ನು ಒರೆಸಿ ಒಣಗಿಸಿಟ್ಟಿದ್ದಳು. "ಬಂದ್ರಾ? ಪಾಪ, ಸುಸ್ತಾಗಿರ್ತೀರಿ. ಕಾಫಿ ಕುಡ್ದು ಆ ಬೆಡ್‌ಶೀಟ್ ಒಸಿ ಹಾಕ್ಬುಡಿ. ನಂಗೆ ಆ ಮಿಷನ್ ಬರಲ್ವಲ್ಲ," ಅಂದಳು. ಕೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಕೇಳಿದರೆ ಏನಾಗುತ್ತದೆ? ಒಗೆಯುವುದು ಅವಳ ಪಾಲಿಗೆ ಬರುತ್ತದೆ, ನಂಜುಂಡನಿಗೆ ಫೋನು ಹೋಗುತ್ತದೆ, ಮಿಷನ್ನು ಗುಜರಿಗೆ ಹೋಗುತ್ತದೆ. "ಹೌದೌದು, ಅದು ಎಲ್ಲರಿಗೂ ಬರುವಂಥದ್ದಲ್ಲ ಬಿಡು," ಎಂದು ಪ್ಯಾಂಟು ಮಡಿಸಿಕೊಂಡು ನೀರು ತುಂಬಿಸಲು ಹೋದೆ.