ಮಂಚದ ಕೆಳಗಿನ ಮೂರು ಬಾಲಗಳು

ನಮ್ಮ ಮನೆಯಲ್ಲಿ ಹುಳಹುಪ್ಪಟೆಗಳ ಕುಲಗೋತ್ರ ಬಲ್ಲ ಏಕೈಕ ವಿದ್ವಾಂಸ ನಾನೇ ಎಂದು ಮೊನ್ನೆ ಭಾನುವಾರ ಬೆಳಿಗ್ಗೆ ಘೋಷಿಸಿದೆ.

ಅದಕ್ಕೆ ಕಾರಣವಿತ್ತು. ನನ್ನ ಹೆಂಡತಿ ದರ್ಜಿ. ಅಂಗಿ ಕತ್ತರಿಸಲು ಅವಳು ಇಟ್ಟುಕೊಂಡಿದ್ದ ಕಾಗದದ ಅಚ್ಚುಗಳನ್ನು ಬೆಳ್ಳಿಹುಳುಗಳು ಮೇಯ್ದುಬಿಟ್ಟಿದ್ದವು. ತೋಳಿನ ಅಚ್ಚಿನಲ್ಲಿ ಹಿಟ್ಟು ಜರಡಿ ಹಿಡಿಯಬಹುದಿತ್ತು.

"ಮಂಚದ ಕೆಳಗಿರೋ ನಿಮ್ಮ ಹಳೇ ವಾರಪತ್ರಿಕೆ ಪೆಟ್ಟಿಗೆಗಳಿಂದಲೇ ಬಂದಿರೋದು. ಹನ್ನೊಂದೂ ಇವತ್ತೇ ಆಚೆ ಹೋಗ್ಬೇಕು."

ಮೂವತ್ತು ವರ್ಷದ ಸಂಪತ್ತು! ನಾನು ಶಾಸ್ತ್ರಕ್ಕೆ ಶರಣಾದೆ.

"ಸ್ವಲ್ಪ ತಡಿ. ಬೆಳ್ಳಿಹುಳದಲ್ಲಿ ಬೇರೆ ಬೇರೆ ಜಾತಿ ಇದೆ. ಹೊಳಪಿದ್ದು, ಮೈ ನುಣುಪಾಗಿದ್ದು, ಬಾಲ ಗಿಡ್ಡ ಇದ್ರೆ ಅದು ತೇವದ್ದು, ಬಚ್ಚಲಿನದು. ಮಂಕು ಬೂದು ಬಣ್ಣ, ಪಕ್ಕದಲ್ಲಿ ಕೂದಲು, ಮೂರು ಬಾಲಾನೂ ಉದ್ದುದ್ದ ಇದ್ರೆ ಅದು ಒಣ ಕೋಣೇಲೂ ಬದುಕತ್ತೆ, ರಟ್ಟಿನ ಪೆಟ್ಟಿಗೇಲಿ ಬರತ್ತೆ. ಅದಾದ್ರೆ ಹನ್ನೊಂದನ್ನೂ ನಾನೇ ಹೊರ್ತೀನಿ."

"ಬಚ್ಚಲಿನದಾದ್ರೆ?"

"ಸೋರೋ ನಲ್ಲಿ ರಿಪೇರಿ ಮಾಡಿಸೋಣ. ಪೆಟ್ಟಿಗೆ ತಂಟೆಗೆ ಯಾರೂ ಹೋಗೋದು ಬೇಡ."

ಒಪ್ಪಿದಳು. ಅಂಟುಟೇಪೇ ಆಯುಧವಾಗಿ ನಾನು ಮಂಚದ ಕೆಳಗೆ ದಂಡಯಾತ್ರೆ ಹೊರಟೆ. ಮೊದಲ ಏಟಿಗೆ ಟೇಪು ಮೀಸೆಗೆ ಅಂಟಿತು. ಅದನ್ನು ಕಿತ್ತಾಗ ನಾನು ಆಡಿದ ಮಾತುಗಳು ಶಾಸ್ತ್ರದಲ್ಲಿ ಇಲ್ಲ. ಎರಡನೇ ಏಟಿಗೆ ಶತ್ರು ಸೆರೆಯಾಯಿತು. ಟೇಪಿನಿಂದ ಅದನ್ನು ಎಳೆದು ಬಿಡಿಸಿ, ಬಿಳಿ ಹಾಳೆಯ ಮೇಲೆ ಮಲಗಿಸಿ, ಮೇಲೊಂದು ಹೊಸ ಟೇಪು ಹೊದಿಸಿ ಮಡದಿಯ ಮುಂದಿಟ್ಟೆ.

"ಥಳಥಳ ಹೊಳೀತಿದೆ. ಬಾಲ ಗಿಡ್ಡ. ಅಪ್ಪಟ ಬಚ್ಚಲಿನದು."

ಅವಳು ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದಳು.

"ಹೊಳೀತಿರೋದು ಟೇಪು, ರೀ."

ಗನ್ನಡಿಯನ್ನು ಬಾಲದತ್ತ ಸರಿಸಿದಳು.

"ಬಾಲ ಗಿಡ್ಡ ಅಲ್ಲ, ತುಂಡಾಗಿದೆ. ಮೂರೂ ಮೂರು ಅಳತೆ. ಹುಳ ಹಿಡಿದ ಟೇಪೆಲ್ಲಿ?"

ಅದು ನನ್ನ ಮೊಣಕೈಗೆ ಅಂಟಿಕೊಂಡಿತ್ತು. ಬಾಲಗಳ ಉಳಿದ ತುಂಡುಗಳೂ ಅಲ್ಲೇ ಇದ್ದವು, ಉದ್ದುದ್ದವಾಗಿ.

"ಪಕ್ಕದಲ್ಲಿ ನೋಡಿ, ಕುಚ್ಚು ಕುಚ್ಚು ಕೂದಲು. ನೀವೇ ಹೇಳಿದ ಲಕ್ಷಣ. ಹೊರಿ."

ವಿದ್ವಾಂಸ ಕೂಲಿಯಾದ. ಹತ್ತು ಪೆಟ್ಟಿಗೆ ಅಂಗಳ ಸೇರುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಹನ್ನೊಂದನೆಯದರ ಮೇಲೆ ಕುಳಿತೇಬಿಟ್ಟೆ.

"ಇದೊಂದಾದ್ರೂ ಇರ್ಲಿ ಕಣೆ. ಒಂದೊಂದು ಸಂಚಿಕೇನೂ ಎಷ್ಟು ಆಸೆಪಟ್ಟು ಓದಿದ್ದೀನಿ."

ಅವಳು ನನ್ನನ್ನು ಎಬ್ಬಿಸಿ, ಪೆಟ್ಟಿಗೆ ತೆರೆದು ಒಂದು ಸಂಚಿಕೆ ತೆಗೆದಳು. ಅಂಚೆಯಲ್ಲಿ ಬಂದಾಗಿನ ಹೊದಿಕೆ ಹಾಗೇ ಇತ್ತು. ಅದನ್ನು ಹರಿದು ಹಾಳೆ ಮಗುಚಿದಳು. ಮೊದಲ ಪುಟದಲ್ಲಿ ತೂತು, ನಡುವಿನಲ್ಲಿ ತೂತು, ಕೊನೆಯ ಪುಟದಲ್ಲಿ ತೂತು. ಅಡಿಯ ಸಂಚಿಕೆ ತೆಗೆದಳು. ಅದಕ್ಕೂ ಹೊದಿಕೆ, ಅದರಲ್ಲೂ ತೂತು.

"ಒಂದು ಪುಟಾನೂ ಬಿಟ್ಟಿಲ್ಲ," ಎಂದಳು, ಪೆಟ್ಟಿಗೆಯನ್ನು ನನ್ನ ಕೈಗೆ ದಾಟಿಸುತ್ತ. "ಚಂದಾನ ನಿಮ್ಮ ಹೆಸರಿಗಲ್ಲ, ಈ ಹುಳದ ಹೆಸರಿಗೆ ಕಟ್ಬೇಕಿತ್ತು."