ಹೆಸರೆತ್ತಬಾರದ ಸಭೆ

ಗಾಬರಿಯ ಬೆರಳು ನಡುಗುವುದು ಆಫೀಸಿಗೆಲ್ಲ ಗೊತ್ತಿದ್ದ ಸಂಗತಿ. 'ಗಾಬರಿ' ಎಂಬ ಅಡ್ಡಹೆಸರು ಅವನಿಗೆ ಬಂದದ್ದೇ ಅದರಿಂದ. ಚಹಾದ ಲೋಟ ಹಿಡಿದರೆ ಅರ್ಧ ಅವನ ಬಾಯಿಗೆ, ಅರ್ಧ ಅಂಗಿಗೆ. ಆದರೆ ನಿನ್ನೆ ಆ ಬೆರಳು ಮಾಡಿದ ಕೆಲಸ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅವರದು ನಾಲ್ಕೇ ಜನರ ತಂಡ. ಹಲ್ಲಿನ ಆಸ್ಪತ್ರೆಯೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದರು. 'ನಾಳೆ ಹಲ್ಲು ಕೀಳಿಸಲು ಬನ್ನಿ' ಎಂದು ರೋಗಿಗಳ ಮೊಬೈಲಿಗೆ ಸಂದೇಶ ಕಳಿಸಲು ಅದರಲ್ಲೊಂದು ಬಟನ್; ದಿನಕ್ಕೊಮ್ಮೆ ತಂಡದ ಯಾರಾದರೊಬ್ಬರು ಒತ್ತಬೇಕು. ಒತ್ತಿದರೂ ಅದು ಮುನಿಸಿಕೊಂಡ ಅತ್ತೆಯ ಹಾಗೆ ಸುಮ್ಮನಿರುತ್ತಿತ್ತು. ಸಂದೇಶ ಹೋಯಿತೋ ಇಲ್ಲವೋ ತಿಳಿಯದು. ನಿನ್ನೆ ಯಾರೂ ಒತ್ತಿದಂತೆ ಕಾಣಲಿಲ್ಲವೆಂದು ಗಾಬರಿಯೇ ಒತ್ತಿದ. ಇವತ್ತು ನೋಡಿದರೆ ಒಬ್ಬೊಬ್ಬ ರೋಗಿಗೂ ಸಂದೇಶ ನಾಲ್ಕು ಸಲ ಹೋಗಿತ್ತು. ಮುದುಕರೊಬ್ಬರು ಆಸ್ಪತ್ರೆಗೆ ಬಂದು, "ನಾಲ್ಕು ಹಲ್ಲು ಎಲ್ಲಿಂದ ತರ್ಲಪ್ಪ? ಬಾಯಲ್ಲಿರೋದೇ ಮೂರು!" ಎಂದು ಅತ್ತರಂತೆ.

ಬೆರಳು ನಡುಗಿ ನಾಲ್ಕು ಸಲ ಒತ್ತಿಬಿಟ್ಟಿದೆ ಎಂದು ಗಾಬರಿಗೆ ಖಾತ್ರಿಯಾಯಿತು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ತಿಂಗಳು ತಂಡದ ಮುಖ್ಯಸ್ಥೆ ಮೇಡಂ ಹೂಂ ಅನ್ನಬೇಕಿತ್ತು.

ಮೇಡಂ ಬಂದವರೇ, "ಮಧ್ಯಾಹ್ನ ಹಿನ್ನೋಟದ ಸಭೆ. ಈ ಸಲ ನೀವೇ ನಡೆಸಿ," ಎಂದು ಅವನತ್ತ ಬೆರಳು ತೋರಿದರು.

ಎರಡು ವಾರಕ್ಕೊಮ್ಮೆ ತಂಡದವರೆಲ್ಲ ಕೂತು ಏನು ಸರಿಹೋಯಿತು, ಏನು ಕೆಟ್ಟಿತು, ಮುಂದೇನು ಮಾಡೋಣ ಎಂದು ಮಾತಾಡುವ ಪದ್ಧತಿ ಅದು. ಅದಕ್ಕೊಂದು ಕಟ್ಟುಪಾಡು. ತಪ್ಪಿನ ಮಾತಾಡಬಹುದು, ತಪ್ಪು ಮಾಡಿದವರ ಹೆಸರೆತ್ತಬಾರದು. ಎತ್ತಿದವರಿಗೆ ವರ್ಷಪೂರ್ತಿ ಸಭೆ ನಡೆಸುವ ಶಿಕ್ಷೆ. ಎದುರಿಗೆ ಮೂರು ಜನ ಕೂತರೆ ನಾಲಿಗೆ ಒಣಗುವ ಗಾಬರಿಗೆ ಹಲ್ಲು ಕೀಳಿಸಿಕೊಳ್ಳುವುದೇ ಅದಕ್ಕಿಂತ ವಾಸಿ.

ಅವನು 'ಹೆಸರೆತ್ತಬಾರದು' ಎಂದು ಬೋರ್ಡಿನ ಮೇಲೆ ಎಷ್ಟು ದಪ್ಪಗೆ ಬರೆದನೆಂದರೆ ಬೇರೇನೂ ಬರೆಯಲು ಜಾಗ ಉಳಿಯಲಿಲ್ಲ.

ಹಿರಿಯ ಪ್ರೋಗ್ರಾಮರ್, ಎಲ್ಲರ ಬಾಯಲ್ಲೂ ದೊಡ್ಡಣ್ಣ, ಗಂಟಲು ಸರಿಮಾಡಿಕೊಂಡ. "ಯಾರೋ ಒಬ್ರು ಆ ಬಟನ್ನು..."

"ದೊಡ್ಡಣ್ಣಾ, ಯಾರೋ ಒಬ್ರು ಅನ್ನೋದೂ ಹೆಸರು ಹೇಳಿದ ಹಾಗೇನೇ!" ಗಾಬರಿ ತಡೆದ.

"ಆಯ್ತಪ್ಪ, ಬಟನ್ನು ತನ್ನನ್ನ ತಾನೇ ಒತ್ಕೊಳ್ತು. ಸಮಾಧಾನವಾ?"

ಪರದೆಯ ಚಿತ್ರಗಳನ್ನು ಮಾಡುವ ಹುಡುಗಿ ಉಗುರು ಕಚ್ಚುತ್ತ ಕೇಳಿದಳು. "ಒಂದೇ ಸಲ ಒತ್ತಿದ್ರೂ ನಾಲ್ಕು ಸಲ ಹೋಗತ್ತಾ?"

"ನಾನೂ ಅದನ್ನೇ ಯೋಚಿಸ್ತಿದ್ದೆ," ಎಂದ ದೊಡ್ಡಣ್ಣ.

ಮೇಡಂ ತಲೆಯೆತ್ತಿ ಫ್ಯಾನ್ ನೋಡುತ್ತಿದ್ದರು. ಎಲ್ಲರಿಗೂ ಗೊತ್ತಾಗಿಬಿಟ್ಟಿದೆ, ಬೇಕಂತಲೇ ಸುತ್ತಿ ಬಳಸಿ ನನ್ನನ್ನು ಹಿಂಡುತ್ತಿದ್ದಾರೆ ಎನ್ನಿಸಿತು ಗಾಬರಿಗೆ. ತಡೆಯಲಾಗಲಿಲ್ಲ.

"ನಾನೇ! ಒತ್ತಿದ್ದು ನಾನೇ ಮೇಡಂ! ನನ್ನ ಈ ಹಾಳು ಬೆರಳು!"

ಕುಕ್ಕರಿನ ಸೀಟಿ ಎತ್ತಿದ ಹಾಗೆ ಮೂವರೂ ಒಟ್ಟಿಗೆ ಉಸಿರು ಬಿಟ್ಟರು.

"ಒತ್ತೋ ಮುಂಚೆ ಎಲ್ಲರಿಗೂ ಕೂಗಿ ಹೇಳೋದು. ಇವತ್ತಿನ ತೀರ್ಮಾನ ಇಷ್ಟೇ," ಎಂದರು ಮೇಡಂ. "ಆದ್ರೆ ನೀವು ಹೆಸರೆತ್ತಿದ್ರಿ. ವರ್ಷಪೂರ್ತಿ ಸಭೆ ನಿಮ್ಮದು."

"ನನ್ನದೇ ಹೆಸರಲ್ವಾ ಮೇಡಂ?"

"ಯಾರದಾದ್ರೇನು, ಹೆಸರು ಹೆಸರೇ."

"ಮತ್ತೆ ಕೆಲಸ ಕಾಯಂ ಆಗೋದು..."

"ವರ್ಷ ಕಳೀಲಿ, ನೋಡೋಣ."

ಸಂಜೆ ಮೆಟ್ಟಿಲ ಬಳಿ ಹುಡುಗಿ ಅವನ ಪಕ್ಕ ಬಂದು ಪಿಸುಗುಟ್ಟಿದಳು. "ಅಣ್ಣಾ, ಬೈಬೇಡಿ. ನಿನ್ನೆ ನಾನೂ ಒಂದ್ಸಲ ಒತ್ತಿದ್ದೆ. ಯಾರೂ ಒತ್ತಿಲ್ಲ ಅಂದ್ಕೊಂಡೆ."

ಹಿಂದಿನಿಂದ ದೊಡ್ಡಣ್ಣ ಕೆಮ್ಮಿದ. "ನಂದೂ ಒಂದು ಸೇರಿಸ್ಕೋ."

ಗಾಬರಿ ನಡುಗುವ ಬೆರಳು ಮಡಿಚಿ ಎಣಿಸಿದ. ಮೂರಕ್ಕೆ ನಿಂತಿತು. ಅಷ್ಟರಲ್ಲಿ ಮೇಡಂ ಇಳಿದು ಬಂದರು. ಮಡಿಚದೆ ಉಳಿದ ನಾಲ್ಕನೇ ಬೆರಳನ್ನು ನೋಡಿ ಅವರ ಹೆಜ್ಜೆ ನಿಂತಿತು. ಮೆಲ್ಲಗೆ ಕೈ ಚಾಚಿ ತಾವೇ ಅದನ್ನು ಮಡಿಚಿದರು.

"ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ ಮೇಡಂ?"

"ಬೋರ್ಡ್ ತುಂಬ ಹೆಸರೆತ್ತಬಾರದು ಅಂತ ಬರೆದೋರು ನೀವೇ ಅಲ್ವೇನ್ರೀ?"